ನುಡಿ ಮತ್ತು ನುಡಿವವರು: ಹಾನಗಲ್ಲು ಸೀಮೆಯ ಸಾಕ್ಷ್ಯ

ಕನ್ನಡ ಭಾಷೆಯನ್ನು ಪರಿಚಯಿಸುವ ಬರಹಗಳಿಗೆ ಒಂದು ಸಿದ್ಧ ಕ್ರಮವುಂಟು. ದ್ರಾವಿಡ ವರ್ಗದ ನುಡಿ, ಹಲ್ಮಿಡಿಯ ಶಾಸನ, ಕವಿರಾಜಮಾರ್ಗ, 2011ರ ಜನಗಣತಿಯಂತೆ ಸುಮಾರು 4.37 ಕೋಟಿ ಜನರ ಮಾತೃಭಾಷೆ. ಇಷ್ಟಾದರೆ ಪರಿಚಯ ಮುಗಿಯಿತೆಂಬ ಭಾವನೆ. ಇದರಲ್ಲಿ ಸುಳ್ಳಿಲ್ಲ. ಆದರೆ ನುಡಿಯ ವಯಸ್ಸೂ ನುಡಿವವರ ಎಣಿಕೆಯೂ ತಿಳಿದ ಮಾತ್ರಕ್ಕೆ ಆ ನುಡಿ ಯಾರದೆಂಬುದು ತಿಳಿಯದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳು ಈ ಪ್ರಶ್ನೆಗೆ ಕೊಡುವ ಉತ್ತರ ವಿಚಾರಾರ್ಹವಾದುದು.

ತಿರುಳ್ಗನ್ನಡದ ನೆಲೆಗಳಲ್ಲಿ ಕವಿರಾಜಮಾರ್ಗವು ಹೆಸರಿಸುವ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಶಿಗ್ಗಾಂವಿ-ಸವಣೂರುಗಳ ನೆರೆಯ ಊರು. ಪಾನುಂಗಲ್ಲೆನಿಸಿದ್ದ ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಹಿರೇಕೆರೂರು ಸೀಮೆಯ ಅಬಲೂರಿನ ಸೋಮೇಶ್ವರ ದೇಗುಲದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ, ಸುಮಾರು 1200ರ ಶಾಸನವಿದೆ. ಅದರ ದೀರ್ಘ ಪಾಠ ಪ್ರೌಢವಾದ ಪದ್ಯ-ಗದ್ಯಗಳದು; ಅದೇ ದೇಗುಲದ ಶಿಲ್ಪಗಳ ಜೊತೆಗೆ ಕೊರೆದ ಸಾಲುಗಳಾದರೋ ಚಿಕ್ಕವು. ಒಂದೇ ಸಂಗತಿಗೆ ಎರಡು ಕನ್ನಡ: ಒಂದು ಪಂಡಿತರ ಓದಿಗೆ ತಕ್ಕುದು, ಇನ್ನೊಂದು ಶಿಲ್ಪವನ್ನು ನೋಡುತ್ತ ಸಾಗುವ ಭಕ್ತರಿಗೆ ಒದಗುವಂಥದು.

ಈ ಎರಡನೆಯ ಕನ್ನಡದ ಶಕ್ತಿ ಮುಂದಿನ ಶತಮಾನಗಳಲ್ಲಿ ಪ್ರಕಟವಾಯಿತು. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ರಾಗಿಯನ್ನು ಭತ್ತದೊಡನೆ ವಾದಕ್ಕೆ ನಿಲ್ಲಿಸಿದರು. ಜನಶ್ರುತಿ ಅಬಲೂರು-ಮಾಸೂರುಗಳೊಡನೆ ಸೇರಿಸುವ ಸರ್ವಜ್ಞನು ತ್ರಿಪದಿಯನ್ನು ಲೋಕನೀತಿಯ ಅಳತೆಗೋಲಾಗಿಸಿದನು. ಶಿಶುವಿನಹಾಳದ ಶರೀಫರು (1819–1889) ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಸೋರುವ ಮಾಳಿಗೆಯನ್ನೂ ಹೊಸದಾಗಿ ಬಂದ ಗಿರಣಿಯನ್ನೂ ತತ್ತ್ವಕ್ಕೆ ರೂಪಕವಾಗಿಸಿದರು. ಮಾಳಿಗೆಯನ್ನು ಮಾಳಿಗಿಯೆನ್ನುವ ಈ ಸೀಮೆಯ ಉಚ್ಚಾರವನ್ನು ಅವರ ಪದಗಳಲ್ಲಿ ತಿದ್ದಹೊರಟರೆ ಲಯ ಕೆಡುವುದಷ್ಟೇ ಅಲ್ಲ, ಅರ್ಥದ ಆಪ್ತತೆಯೂ ಹೋಗುವುದು. ಆಡುಮಾತನ್ನು ಗ್ರಾಂಥಿಕ ಭಾಷೆಯ ಅಪಭ್ರಂಶವೆಂದು ಕಾಣುವ ದೃಷ್ಟಿ ಇಲ್ಲಿ ಸೋಲುತ್ತದೆ.

ಸವಣೂರಿನ ಸಾಕ್ಷ್ಯ ಬೇರೆ ಬಗೆಯದು. 1948ರವರೆಗೆ ಅದು ನವಾಬರ ಸಂಸ್ಥಾನ. ಅಲ್ಲಿ 1909ರಲ್ಲಿ ಜನಿಸಿದ ವಿ. ಕೃ. ಗೋಕಾಕರು ಇಂಗ್ಲಿಷಿನಲ್ಲಿಯೂ ಕಾವ್ಯರಚನೆ ಮಾಡಿದವರು. ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಲ್ಲಬೇಕೆಂದು 1981ರಲ್ಲಿ ವರದಿಯಿತ್ತದ್ದು ಅವರದೇ ಅಧ್ಯಕ್ಷತೆಯ ಸಮಿತಿ. ಅನ್ಯಭಾಷೆಯ ಪ್ರೀತಿ ಕನ್ನಡದ ನಿಷ್ಠೆಗೆ ವಿರೋಧಿಯಲ್ಲ.

ಮಾತೃಭಾಷೆ ಉರ್ದು, ಲಂಬಾಣಿ ಅಥವಾ ಮರಾಠಿಯೆಂದು ಬರೆಸಿ, ಸಂತೆಯಲ್ಲಿ, ಹೊಲದಲ್ಲಿ, ಭಜನೆಯಲ್ಲಿ ಕನ್ನಡವಾಡುವವರು ಮಾತೃಭಾಷೆಯ ಆ ಲೆಕ್ಕದೊಳಗೆ ಬಾರರು. ನುಡಿಯನ್ನು ಬಾಳಿಸುವವರಲ್ಲಿ ಅವರೂ ಸೇರಿದ್ದಾರೆ. ಅವರನ್ನು ಬಿಟ್ಟ ಭಾಷಾಪರಿಚಯವು ಶರೀಫರನ್ನು ಬಿಟ್ಟ ಸಾಹಿತ್ಯಚರಿತ್ರೆಯಷ್ಟೇ ಅಪೂರ್ಣವಾದುದು.