ಗಾಳದ ಮೊನೆ, ಮಲಪ್ರಭೆಯ ಕಲ್ಲು

‘ನೀರಾಗ ಮೀನಾ ಇಲ್ರೀ’ ಎಂದು ಹೊಳೆಯನ್ನು ದೂರುತ್ತ ಬರಿಗೈಲಿ ಮನೆಗೆ ಹೊರಟವರನ್ನು ಕಂಡರೆ ನನ್ನ ಬಾಯಿಂದ ಬರುವುದು ಒಂದೇ ಮಾತು: ಮೊದಲು ಗಾಳ ತೋರಿಸಿ. ತೋರಿಸಿದವರ ಗಾಳದ ಮೊನೆ ಬಹುಮಟ್ಟಿಗೆ ಮೊಂಡಾಗಿರುತ್ತದೆ. ಗಳಕ್ಕೆ, ರೀಲಿಗೆ, ಬಣ್ಣದ ಬೆಂಡಿಗೆ ಸಾವಿರಗಟ್ಟಲೆ ಸುರಿದವರೂ ಗಾಳದ ವಿಷಯದಲ್ಲಿ ಮಾತ್ರ ಅಂಗಡಿಯವನನ್ನು ನಂಬಿ ಸುಮ್ಮನಿರುತ್ತಾರೆ. ಪೊಟ್ಟಣ ಹರಿ, ದಾರಕ್ಕೆ ಕಟ್ಟು, ಎರೆಹುಳು ಚುಚ್ಚು, ನೀರಿಗೆ ಬಿಡು. ಮೀನಿನ ಬಾಯಿಗೆ ನಾಟಬೇಕಾದದ್ದು ಗಳವಲ್ಲ, ಮೊನೆ ಎಂಬುದು ಎಲ್ಲರಿಗೂ ಗೊತ್ತು. ಕಾನಸ ಹಿಡಿಯುವವರು ಮಾತ್ರ ಕಡಿಮೆ.

ನಮ್ಮ ಕಡೆ ಗಾಳ ಮಸೆಯುವ ಮಾತನ್ನು ಹೊಳೆಯ ತಳದಿಂದ ಶುರುಮಾಡಬೇಕು. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ದಾಟಿದ ಮಲಪ್ರಭೆ ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಗೆ, ಅಲ್ಲಿಂದ ಬೈಲಹೊಂಗಲದ ಸಂಗೊಳ್ಳಿ ಸೀಮೆಗೆ ಬರುವಾಗ ಎರಡೂ ದಂಡೆಯ ಎರಿ ಹೊಲಗಳ ಮಣ್ಣು ಹೊತ್ತಿರುತ್ತಾಳೆ. ಇಲ್ಲಿ ತಳ ಮೆತ್ತಗೆ. ಗಾಳ ರಾಡಿಯಲ್ಲಿ ಹೂತರೂ ಮೊನೆ ಮುರಿಯುವುದಿಲ್ಲ. ಅದನ್ನು ತಿನ್ನುವುದು ತುಕ್ಕು. ಸವದತ್ತಿಯಲ್ಲಿ ಹಾಗಲ್ಲ. ನವಿಲುತೀರ್ಥದಲ್ಲಿ ಹೊಳೆ ಗುಡ್ಡ ಸೀಳಿಕೊಂಡು ಹೊರಟ ಇಕ್ಕಟ್ಟಿಗೇ ಅಣೆಕಟ್ಟು ಹಾಕಿ, 1970ರ ದಶಕದ ಆರಂಭದಲ್ಲಿ 37.73 ಟಿಎಂಸಿ ಹಿಡಿಯುವ ರೇಣುಕಾ ಸಾಗರ ಮಾಡಿದರು. ಆ ಗುಡ್ಡದ ಕಲ್ಲು, ಭೂವಿಜ್ಞಾನಿಗಳು ಬಾಗಲಕೋಟೆಯ ಕಲಾದಗಿಯ ಹೆಸರಿಟ್ಟು ಕರೆಯುವ ಪದರದ್ದು. ಅದರೊಳಗಿನ ಬೆಣಚು, ಗಾಳದ ಉಕ್ಕಿನ ತಂತಿಗಿಂತ ಗಟ್ಟಿ. ಅಣೆಕಟ್ಟಿನ ಕೆಳಗೆ, ರಾಮದುರ್ಗದ ಕಡೆಗೆ, ಕಲ್ಲುತಳದ ಮಡುವಿನಲ್ಲಿ ಗಾಳ ಒಂದೆರಡು ಸಲ ಎಳೆದಾಡಿತೆಂದರೆ ಮೊನೆ ಸುರುಳಿ ಸುತ್ತಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸರಿಯಾಗಿ ತಿಳಿಯುವುದಿಲ್ಲ.

ಅದಕ್ಕೆ ಉಗುರಿನ ಪರೀಕ್ಷೆ. ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಓರೆಯಾಗಿಟ್ಟು ಹಗುರವಾಗಿ ಎಳೆಯಿರಿ, ಒತ್ತಬೇಡಿ. ಕಚ್ಚಿಕೊಂಡು ನಿಂತರೆ ಗಾಳ ಸರಿ ಇದೆ. ಜಾರಿದರೆ ಮಸೆಯಬೇಕು. ಕಲ್ಲುತಳದಲ್ಲಿ ಸಿಕ್ಕಿ ಬಿಡಿಸಿಕೊಂಡ ಪ್ರತಿ ಸಲವೂ, ಮೀನು ಬಿಡಿಸಿದ ಪ್ರತಿ ಸಲವೂ ಇದನ್ನು ನೋಡಿಕೊಳ್ಳುವುದು ನನ್ನ ಮಟ್ಟಿಗೆ ಕಡ್ಡಾಯ.

ಸಾಮಾನು ಹೆಚ್ಚು ಬೇಕಿಲ್ಲ. ಕುಡಗೋಲು ಮಸೆಯುವ ಮನೆಯ ಕಲ್ಲು ಆಗದು, ಅದರ ಹರಳು ದಪ್ಪ. ಸಣ್ಣ ತಂತಿಯ ಮೇಲೆ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ತುಕ್ಕು ಕೂರುತ್ತದೆ. ಬಡಿಗೇರರು ಗರಗಸದ ಹಲ್ಲಿಗೆ ಹಚ್ಚುವ ಮೂರು ಮೂಲೆಯ ಸಣ್ಣ ಕಾನಸ ದೊಡ್ಡ ಗಾಳಕ್ಕೆ ಸಾಕು. ಸಣ್ಣ ಗಾಳಕ್ಕೆ ನಯವಾದ ಕಾರ್ಬೊರಂಡಮ್ ಕಲ್ಲಿನ ತುಂಡು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಹೋಗಿ ಕೈಗೆ ಬಂದ ವಸ್ತು ಅದು. ಅದಕ್ಕೂ ಮೊದಲು ನಮ್ಮ ಸಾಣೆಗಾರರು ಕುರಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಯ ಗಾಲಿ ಮಾಡಿಕೊಳ್ಳುತ್ತಿದ್ದರು. ಏನೂ ಇಲ್ಲದಾಗ ಕಡ್ಡಿಪೆಟ್ಟಿಗೆಯ ಗೀರುಪಟ್ಟಿ. ಅದರಲ್ಲಿ ಗಾಜಿನ ಪುಡಿ ಇರುತ್ತದೆ, ತುದಿಯನ್ನಷ್ಟೇ ತೀಡಿಕೊಳ್ಳಲು ಸಾಲುತ್ತದೆ. ಪೆಟ್ಟಿಗೆ ಮಾತ್ರ ಒಣಗಿರಬೇಕು.

ಗಾಳದ ಬಾಗಿದ ಭಾಗವನ್ನು ಪಕ್ಕಡದಲ್ಲಿ ಬಿಗಿಯಾಗಿ ಹಿಡಿದು, ಮೊನೆಯ ಎಡ ಬಲ ಎರಡೂ ಮಗ್ಗುಲನ್ನು ತೀಡಿ, ಕೊನೆಗೆ ಹೊರಬದಿಯನ್ನು ಚಪ್ಪಟೆ ಮಾಡಿ. ಮೂರು ಮುಖ, ಮೂರು ಅಂಚು. ಗುಂಡನೆಯ ಮೊನೆ ಚುಚ್ಚುತ್ತದೆ ಅಷ್ಟೆ. ಅಂಚಿರುವ ಮೊನೆ ಕೊಯ್ದುಕೊಂಡು ಒಳಗೆ ಹೋಗುತ್ತದೆ. ಕೈ ಒಂದೇ ದಿಕ್ಕಿಗೆ ಆಡಬೇಕು, ಮೊನೆಯಿಂದ ಬಾಗಿನ ಕಡೆಗೆ. ಇದಕ್ಕೆ ಉಲ್ಟಾ ಮಾಡುವವರೂ ಇದ್ದಾರೆ, ವಾದಕ್ಕೆ ನಿಂತರೆ ಸಂಜೆಯಾಗುತ್ತದೆ. ಉಲ್ಟಾ ತೀಡಿದಾಗ ತುದಿಯಲ್ಲಿ ಲೋಹದ ಸಿಬಿರು ಏಳುವುದರಿಂದ ನಾನು ಒಪ್ಪುವುದಿಲ್ಲ. ಹಿಂದೆ ಮುಂದೆ ಉಜ್ಜುವುದಂತೂ ಕಾನಸಕ್ಕೂ ಕೇಡು, ಗಾಳಕ್ಕೂ ಕೇಡು. ಒಳಗಿನ ಅಡ್ಡಮುಳ್ಳಿನ ಬುಡಕ್ಕೆ ಕೈ ಹಚ್ಚಬೇಡಿ. ಅಲ್ಲಿ ತಂತಿ ಮೊದಲೇ ತೆಳುವಾಗಿರುತ್ತದೆ.

ಹುರುಪಿನಲ್ಲಿ ಕೆಡುವ ಜಾಗ ಇದರ ಮುಂದಿದೆ. ಮಸೆದಷ್ಟೂ ಒಳ್ಳೆಯದೆಂದು ಮೊನೆಯನ್ನು ಉದ್ದಕ್ಕೆ, ಸಪೂರಕ್ಕೆ ಎಳೆದುಬಿಡುತ್ತಾರೆ. ಕಟ್ಲಾ, ರೋಹುಗಳಿಗೆ ಅದು ನಡೆದೀತು. ಅವುಗಳ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ತುಟಿ ಮೆತ್ತಗೆ, ಸಣ್ಣ ಸಪೂರ ಮೊನೆ ಸುಮ್ಮನೆ ಇಳಿಯುತ್ತದೆ. ಆದರೆ ಕೆರೆಯ ಜೊಂಡಿನಲ್ಲಿ, ಕಾಲುವೆಯ ನಿಂತ ನೀರಿನಲ್ಲಿ ಕೊರವ ಹಿಡಿಯಹೋಗಿ. ನೀರಿನ ಮೇಲೆ ಬಂದು ಗಾಳಿ ನುಂಗುವ ಈ ಮೀನಿನ ಬಾಯಿ ಬರೀ ಎಲುಬು. ಸೂಜಿಮೊನೆ ತಾಗಿದ ಕೂಡಲೇ ಮಡಚಿಕೊಳ್ಳುತ್ತದೆ, ಮೀನು ಗಾಳ ಉಗುಳಿ ಹೋಗುತ್ತದೆ. ಕೊರವಕ್ಕೆ ಬೇಕಾದದ್ದು ಚೀಲ ಹೊಲಿಯುವ ದಬ್ಬಣದಂಥ ಮೊನೆ, ಗಿಡ್ಡ, ದಪ್ಪ, ಅಂಚುಳ್ಳದ್ದು. ಬಾಳೆಮೀನಿನದು ಇನ್ನೊಂದು ಬಗೆ: ಅಗಲ ಬಾಯಿ, ದವಡೆಯ ತುಂಬ ಒತ್ತೊತ್ತಾಗಿ ಚೂಪು ಹಲ್ಲು. ಅದಕ್ಕೂ ಗಿಡ್ಡ ಮೊನೆಯೇ ಸೈ. ಹಾಗಾಗಿ ಹರಿತವೆಂದರೆ ತೆಳುವೆಂದಲ್ಲ. ಯಾವ ಬಾಯಿಗೆ, ಯಾವ ತಳಕ್ಕೆ ಎಂದು ಕೇಳಿಕೊಳ್ಳದೆ ಕಾನಸ ಎತ್ತುವುದು ವ್ಯರ್ಥ. ಸಂಗೊಳ್ಳಿಯ ರಾಡಿಗೆ ಸರಿಹೋಗುವ ಮೊನೆ ನವಿಲುತೀರ್ಥದ ಕೆಳಗೆ ಅರ್ಧ ದಿನವೂ ಬಾಳುವುದಿಲ್ಲ.

ಯಾವ ಮೀನಿಗೆ ಏನು ಎಂಬ ಈ ವಿಚಾರ ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಕಡಲಿನ ಮೀನು, ಹೊಳೆಯ ಮೀನು, ಮೈಮೇಲೆ ಹುರುಪೆ ಇರುವುದು, ಇಲ್ಲದ್ದು ಎಂದು ವಿಂಗಡಿಸಿ, ಯಾವುದಕ್ಕೆ ಎಂಥ ತಿಂಡಿ ಎಂದು ಹೇಳುತ್ತಾನೆ ಅರಸ. ಸವದತ್ತಿಯ ರಟ್ಟರು ಆ ಚಾಲುಕ್ಯರ ಮಾಂಡಲಿಕರು. ಅಂದರೆ ನಮ್ಮ ಈ ಹೊಳೆಯೂ ಆತನ ರಾಜ್ಯದೊಳಗಿನದೇ. 1951ರಲ್ಲಿ ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ ಈ ಅಧ್ಯಾಯದ ಮೇಲೆ ಲೇಖನ ಬರೆದು ಮೀನುತಜ್ಞರ ಗಮನಕ್ಕೆ ತಂದರು. ಗಾಳ ಹಾಕುವುದು ಕೆಲಸವಿಲ್ಲದವರ ಕಸುಬು ಎಂದು ಮನೆಯಲ್ಲಿ ಗೊಣಗಿದರೆ, ಅರಸರ ವಿನೋದ ಎಂದು ಧೈರ್ಯವಾಗಿ ಹೇಳಬಹುದು.

ಅಂಗಡಿಯ ಗಾಳದ ವಿಷಯಕ್ಕೆ ಬರುತ್ತೇನೆ. ಹೊಸಬರು ಎಡವುವುದು ನಂಬರಿನಲ್ಲಿ. 12ಕ್ಕಿಂತ 8 ದೊಡ್ಡದು, 8ಕ್ಕಿಂತ 4 ದೊಡ್ಡದು. 1 ಮುಗಿದ ಮೇಲೆ ಲೆಕ್ಕ ತಿರುಗಿ ‘ಒಂದು ಸೊನ್ನೆ’, ‘ಎರಡು ಸೊನ್ನೆ’ ಎಂದು ಏರುತ್ತದೆ. ಇನ್ನು, ಈಗ ಬರುವ ದುಬಾರಿ ಜಪಾನಿ ಗಾಳಗಳ ಮೊನೆಯನ್ನು ಕಾರ್ಖಾನೆಯಲ್ಲೇ ಆಮ್ಲದಲ್ಲಿ ಅದ್ದಿ ಚೂಪುಗೊಳಿಸಿರುತ್ತಾರೆ. ಅವುಗಳಿಗೆ ಹೊಸದರಲ್ಲಿ ಕಾನಸ ಮುಟ್ಟಿಸಬೇಡಿ. ನಮ್ಮ ಕೈ ಅಷ್ಟು ನಯ ತರಲಾರದು, ಮೇಲಿನ ಲೇಪವೂ ಹೋಗುತ್ತದೆ. ಮೊಂಡಾದ ಮೇಲೆ ಬೇಕಿದ್ದರೆ ತೀಡಿ. ನನ್ನ ಕೈ ಹೋಗುವುದು ಸಾದಾ ಉಕ್ಕಿನ ಅಗ್ಗದ ಗಾಳದ ಕಡೆಗೇ: ಹತ್ತು ಸಲ ಮಸೆಸಿಕೊಳ್ಳುತ್ತದೆ, ಕಲ್ಲಲ್ಲಿ ಸಿಕ್ಕಿ ಹರಿದುಹೋದರೂ ಹೊಟ್ಟೆ ಉರಿಯುವುದಿಲ್ಲ.

ಮಸೆದ ಗಾಳಕ್ಕೆ ಲೇಪವಿಲ್ಲ, ಬರಿಮೈ. ಹೊಳೆಯಿಂದ ಬಂದ ಮೇಲೆ ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಚೂರು ಸವರಿಡಿ. ಹಸಿ ಗಾಳವನ್ನು ಒಣ ಗಾಳಗಳ ಡಬ್ಬಿಗೆ ಹಾಕಿದರೆ ತುಕ್ಕು ಎಲ್ಲಕ್ಕೂ ಹತ್ತುತ್ತದೆ. ಮರುದಿನ ನೀರಿಗಿಳಿಸುವ ಮುನ್ನ ಎಣ್ಣೆ ಪೂರ್ತಿ ಒರೆಸುವುದು ಮರೆಯಬಾರದು, ಮೀನಿಗೆ ಮೂಗು ಚುರುಕು.

ಕೊನೆಗೊಂದು ಬೇಡಿಕೆ. ಜಲಾಶಯದಲ್ಲಿ ಮೀನು ಹಿಡಿಯಲು ಅಪ್ಪಣೆ ಬೇಕು. ಮೀನುಗಾರಿಕೆ ಇಲಾಖೆಯವರನ್ನು ಕೇಳಿಕೊಂಡೇ ಗಾಳ ಹಾಕಿ. ಮಸೆದು ಮಸೆದು ಮೊನೆ ಅಡ್ಡಮುಳ್ಳಿನವರೆಗೆ ಸವೆದ ಗಾಳ ಇನ್ನು ಕೆಲಸಕ್ಕೆ ಬಾರದು, ಅದನ್ನು ದಂಡೆಯ ಮೇಲೆ ಎಸೆಯಬೇಡಿ. ಅಲ್ಲಿ ದನ ನೀರು ಕುಡಿಯುತ್ತವೆ, ಬಟ್ಟೆ ಒಗೆಯುವವರು ಬರಿಗಾಲಲ್ಲಿ ಇಳಿಯುತ್ತಾರೆ, ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಮಿಂದು ಹೋಗುತ್ತಾರೆ. ಪಕ್ಕಡದಲ್ಲಿ ಮುರಿದು, ಹಳೇ ದಾರದ ಸಮೇತ ಚೀಟಿಯಲ್ಲಿ ಸುತ್ತಿ ಮನೆಗೆ ತನ್ನಿ, ಗುಜರಿಗೆ ಹಾಕಿ.