ಎಕ್ಸ್‌ಪೋರ್ಟ್ ಕ್ವಾಲಿಟಿ ಅಂದ್ರೆ ಯಾರ ಕ್ವಾಲಿಟಿ?

ಚಿಕ್ಕಲಸಂದ್ರದಿಂದ ಉತ್ತರಹಳ್ಳಿ ಕಡೆಗೆ ಸಂಜೆ ಹೊತ್ತು ಒಂದು ರೌಂಡ್ ಹೋಗಿ ಬನ್ನಿ. ಟೀ ಶರ್ಟ್ ಮಾರೋನು, ಗೋಡಂಬಿ ದ್ರಾಕ್ಷಿ ಅಂಗಡಿಯವನು, ಬೆಡ್‌ಶೀಟ್ ಗಾಡಿಯವನು, ಎಲ್ಲರ ಬಾಯಲ್ಲೂ ಒಂದೇ ಮಂತ್ರ: 'ಎಕ್ಸ್‌ಪೋರ್ಟ್ ಕ್ವಾಲಿಟಿ ಸಾರ್'. ನಾವು ಅದನ್ನ ಹೊಗಳಿಕೆ ಅಂದ್ಕೊಂಡು ದುಡ್ಡು ಕೊಡ್ತೀವಿ. ಸ್ವಲ್ಪ ನಿಧಾನಕ್ಕೆ ಕೇಳಿಸಿಕೊಳ್ಳಿ, ಅದು ಬೈಗುಳ. ಒಳ್ಳೇದೆಲ್ಲ ಹಡಗು ಹತ್ತುತ್ತೆ, ಉಳಿದದ್ದು ನಿಮಗೆ, ಇವತ್ತೇನೋ ನಿಮ್ಮ ಅದೃಷ್ಟ ಅಂತ ಅದರ ಅರ್ಥ.

2024ರ ಏಪ್ರಿಲ್ 5ರಂದು ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರ ನಮ್ಮ ಎರಡು ದೊಡ್ಡ ಬ್ರ್ಯಾಂಡ್‌ಗಳ ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕಿದೆ ಅಂತ ಪ್ರಕಟಿಸಿತು. ಪಟ್ಟಿಯಲ್ಲಿ ಸಾಂಬಾರ್ ಮಸಾಲೆಯೂ ಇತ್ತು. ಕಂಪನಿಗಳು ಆರೋಪ ಒಪ್ಪಲಿಲ್ಲ. ನನ್ನ ಗಮನಕ್ಕೆ ಬಂದದ್ದು ನಮ್ಮ ಪ್ರತಿಕ್ರಿಯೆ. ಒಂದಷ್ಟು ಜನ 'ಇದು ವ್ಯಾಪಾರದ ಪಿತೂರಿ' ಅಂದರು. ಇನ್ನೊಂದಷ್ಟು ಜನ 'ರಫ್ತಿಗೆ ಪೆಟ್ಟು ಬೀಳುತ್ತಲ್ಲಾ' ಅಂತ ಕೈ ಹಿಸುಕಿಕೊಂಡರು. ದಿನಾ ಅದೇ ಸಾಂಬಾರ್ ತಿನ್ನೋ ನಾವು ಆ ಚರ್ಚೆಯಲ್ಲಿ ತುಂಬಾ ಹಿಂದಿನ ಸಾಲಲ್ಲಿದ್ವಿ.

ಪಿತೂರಿಯ ಮಾತನ್ನ ಪೂರ್ತಿ ತಳ್ಳಿಹಾಕೋ ಹಾಗೂ ಇಲ್ಲ. ಎಥಿಲೀನ್ ಆಕ್ಸೈಡ್ ರೈತ ಹೊಲದಲ್ಲಿ ಹೊಡೆಯೋ ಔಷಧಿ ಅಲ್ಲ. ಮಸಾಲೆಯಲ್ಲಿರೋ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸಾಯಿಸೋಕೆ ಹಾಯಿಸೋ ಅನಿಲ, ಕ್ಯಾನ್ಸರ್‌ಕಾರಕ ಕೂಡ. ಅಮೆರಿಕದಲ್ಲಿ ಒಣ ಮಸಾಲೆಗೆ ಇದರ ಮಿತಿ 7 ಪಿಪಿಎಂ. ಯುರೋಪಿನಲ್ಲಿ 0.1. ಅಂದ್ರೆ ಒಂದು ಮಾರುಕಟ್ಟೆಯಲ್ಲಿ ಪಾಸಾಗೋಕೆ ಅನಿಲ ಹಾಯಿಸಿದ ಮಾಲು ಇನ್ನೊಂದು ಮಾರುಕಟ್ಟೆಯಲ್ಲಿ ಅದೇ ಕಾರಣಕ್ಕೆ ಫೇಲ್. ಹಬೆಯಿಂದ ಶುದ್ಧ ಮಾಡೋ ದಾರಿ ಇದೆ, ಆದರೆ ಖರ್ಚು ಜಾಸ್ತಿ, ಬಣ್ಣ ಪರಿಮಳಕ್ಕೂ ಸ್ವಲ್ಪ ಏಟು.

ಆದ್ರೆ ಮಸಾಲೆಗೆ ಬ್ಯಾಕ್ಟೀರಿಯಾ ಹತ್ತಿದ್ದು ಎಲ್ಲಿ? ಬ್ಯಾಡಗಿಗೇ ಹೋಗೋಣ. ಹಾವೇರಿ ಜಿಲ್ಲೆಯ ಈ ಪುಟ್ಟ ಊರಿನ ಮಾರುಕಟ್ಟೆಗೆ ಬರೋ ಮೆಣಸಿನಕಾಯಿಗೆ ಜಿಐ ಟ್ಯಾಗ್ ಇದೆ. ಅದರಿಂದ ತೆಗೆಯೋ ಓಲಿಯೋರೆಸಿನ್ ಬಣ್ಣ ಲಿಪ್‌ಸ್ಟಿಕ್ ತನಕ ಹೋಗುತ್ತೆ. ಹಣ್ಣಾದ ಕಾಯಿಯನ್ನ ರೈತರು ಬಯಲಲ್ಲಿ ಹರವಿ ಬಿಸಿಲಿಗೆ ಒಣಗಿಸ್ತಾರೆ. ರಾತ್ರಿ ಮಂಜು, ಮಣ್ಣು, ಹಕ್ಕಿ, ಇಲಿ ಎಲ್ಲಾ ಅಲ್ಲೇ. ಒಣಗಿದ ಮೇಲೆ ಸಾಗಿಸುವಾಗ ಪುಡಿಯಾಗಬಾರದು ಅಂತ ನೀರು ಚಿಮುಕಿಸೋದೂ ಉಂಟು, ತೂಕವೂ ಏರುತ್ತಲ್ಲ! ತೇವ ನಿಂತ ಕಡೆ ಬೂಸ್ಟು, ಬೂಸ್ಟಿನಿಂದ ಅಫ್ಲಾಟಾಕ್ಸಿನ್. ಒಮ್ಮೆ ಸೇರಿಕೊಂಡರೆ ಅಡುಗೆಯ ಬೆಂಕಿಗೂ ಅದು ಪೂರ್ತಿ ಹೋಗೋದಿಲ್ಲ. ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್‌ಗೆ ಯುರೋಪಿನ ಮಿತಿ ಕಿಲೋಗೆ 10 ಮೈಕ್ರೋಗ್ರಾಂ, ನಮ್ಮ ಮಿತಿ 30.

ವ್ಯಾಪಾರಿ ರಾಶಿಯ ಮುಂದೆ ನಿಂತು ಬಣ್ಣ ನೋಡ್ತಾನೆ, ಸುಕ್ಕು ನೋಡ್ತಾನೆ, ಕೈಯಲ್ಲಿ ಹಿಚುಕಿ ತೇವ ನೋಡ್ತಾನೆ, ರೇಟು ಹಾಕ್ತಾನೆ. ಕಣ್ಣಿಗೆ ಕಾಣದ ವಿಷ ಕಮ್ಮಿ ಇದೆ ಅಂತ ಆ ರೇಟಲ್ಲಿ ನೂರು ರೂಪಾಯಿನೂ ಸೇರಲ್ಲ. ಹಾಗಿದ್ದಾಗ ರೈತ ಟಾರ್ಪಾಲಿಗೆ, ಒಣಗಿಸೋ ಯಂತ್ರಕ್ಕೆ ಯಾಕೆ ದುಡ್ಡು ಹಾಕಬೇಕು? ಹಾಂಗ್‌ಕಾಂಗ್ ಸುದ್ದಿ ಬರೋಕೆ ಇನ್ನೂ ತಿಂಗಳೂ ಇರಲಿಲ್ಲ, ಮಾರ್ಚ್ 11ರಂದು ಬೆಲೆ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟಿದ್ದರು. ಈ ಎರಡು ಸುದ್ದಿಗಳನ್ನ ಪಕ್ಕಪಕ್ಕ ಇಟ್ಟು ಓದಿದವರು ಕಮ್ಮಿ. ಬೆಲೆಯೇ ಗೊತ್ತಿಲ್ಲದ ಕಡೆ ಗುಣಮಟ್ಟದ ಪಾಠ ಯಾರ ಕಿವಿಗೆ ಹೋಗುತ್ತೆ?

ಬೆಲೆ ಗೊತ್ತಿದ್ದ ಕಡೆ ಹೇಗಿರುತ್ತೆ ಅನ್ನೋಕೆ ಗರ್ಕಿನ್ ನೋಡಿ, ಅದೇ ಬರ್ಗರಿನಲ್ಲಿ ಸಿಗೋ ಹುಳಿ ಮಿಡಿಸೌತೆ. ತುಮಕೂರು, ಹಾಸನ ಕಡೆಯ ರೈತರು ಒಪ್ಪಂದದ ಮೇಲೆ ಬೆಳೀತಾರೆ. ಬೀಜ ಕಂಪನಿಯದ್ದು, ಯಾವ ಔಷಧಿ ಯಾವಾಗ ಅನ್ನೋ ಪಟ್ಟಿಯೂ ಕಂಪನಿಯದ್ದೇ. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ತೂಗುವಷ್ಟು ಎಳೆಯದಕ್ಕೆ ಒಳ್ಳೇ ರೇಟು, ದಪ್ಪ ಆದಷ್ಟೂ ಇಳಿತಾ ಹೋಗುತ್ತೆ. ಹಾಗಾಗಿ ದಿನಾ ಕೀಳ್ತಾರೆ. ನಮ್ಮ ರೈತರಿಗೆ ಶಿಸ್ತಿಲ್ಲ ಅಂತ ಮಾತಾಡೋರು ಒಂದು ದಿನ ಆ ಹೊಲಕ್ಕೆ ಹೋಗಿ ಬರಲಿ. ಈ ಬೆಳೆ ಬಹುಪಾಲು ಹೊರದೇಶಕ್ಕೇ ಹೋಗುತ್ತೆ, ಬೆಳೆದವರ ಮನೆ ತಟ್ಟೆಯಲ್ಲಿ ಅದಕ್ಕೆ ಜಾಗ ಇಲ್ಲ.

ಆಫೀಸಿನಲ್ಲಿ ಆಡಿಟ್‌ ಹಿಂದಿನ ರಾತ್ರಿ ಡಾಕ್ಯುಮೆಂಟ್ ತುಂಬೋ ನಮಗೆ ಇದೇನು ಹೊಸದಲ್ಲ. 90ರ ದಶಕದಲ್ಲಿ ಬೆಂಗಳೂರಿನ ಕಂಪನಿಗಳು ಮುಗಿಬಿದ್ದ ಸಿಎಂಎಂ ಲೆವೆಲ್ 5 ಕೂಡ ಅಮೆರಿಕದ ರಕ್ಷಣಾ ಇಲಾಖೆ ತನ್ನ ಗುತ್ತಿಗೆದಾರರನ್ನ ಅಳೆಯೋಕೆ ಬರೆಸಿದ್ದು. ಕೊಳ್ಳೋನು ಬರೆದ, ಮಾರೋನು ಕಲಿತ. ಕೊಳ್ಳೋನು ಪ್ರಶ್ನೆ ಕೇಳಿದ್ದಕ್ಕೇ ಅದು ಸಾಧ್ಯ ಆಯ್ತು.

ಇಲ್ಲಿ ಕೊಳ್ಳೋರು ನಾವು. 2024ರ ಏಪ್ರಿಲ್ 8ರ ಆದೇಶದಲ್ಲಿ ನಮ್ಮ ಎಫ್‌ಎಸ್‌ಎಸ್‌ಎಐ, ಭಾರತದಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ ಮಸಾಲೆಯಲ್ಲಿ ಇದ್ದ 0.01 ಮಿಲಿಗ್ರಾಂ ಮಿತಿಯನ್ನ 0.1ಕ್ಕೆ ಏರಿಸಿತು, ಹತ್ತು ಪಟ್ಟು. ವಿವರಣೆ ಕೊಟ್ಟರು, ವಿಜ್ಞಾನಿಗಳ ಸಮಿತಿ ಹೇಳಿದೆ ಅಂದರು, ಸುದ್ದಿ ವಾರದಲ್ಲಿ ತಣ್ಣಗಾಯ್ತು. ಹೊರಗೆ ಹೋಗೋ ಕಂಟೇನರ್ ಜೊತೆ ಲ್ಯಾಬ್ ರಿಪೋರ್ಟ್ ಹೋಗುತ್ತೆ. ನಮ್ಮ ಅಡುಗೆಮನೆಯ ಖಾರದ ಪುಡಿ ಪ್ಯಾಕೆಟ್ ಮೇಲೆ 14 ಅಂಕಿಯ ಲೈಸೆನ್ಸ್ ನಂಬರ್ ಇದೆ. ಬ್ಯಾಚ್ ನಂಬರೂ ಇದೆ. ಆ ಬ್ಯಾಚಿನ ರಿಪೋರ್ಟ್ ಕೊಡಿ ಅಂತ ಒಂದು ಇಮೇಲ್ ಕಳಿಸಿ ನೋಡಿ, ಕಸ್ಟಮರ್ ಕೇರ್ ವಿಳಾಸ ಅಲ್ಲೇ ಅಚ್ಚಾಗಿರುತ್ತೆ.