ಪದಚ್ಯುತ ಅರಸನ ಚಿತ್ರಣ: ಎರಡನೆಯ ಕ್ಯಾಥರೀನಳ ಆತ್ಮಕಥನ

ಸಿಂಹಾಸನ ಕಳೆದುಕೊಂಡವರ ಚರಿತ್ರೆಯನ್ನು ಅದನ್ನು ಗಳಿಸಿದವರೇ ಬರೆದಿರುವ ನಿದರ್ಶನಗಳು ವಿರಳವಲ್ಲ. ರಷ್ಯಾದ ಚಕ್ರವರ್ತಿ ಮೂರನೆಯ ಪೀಟರನು ಪಟ್ಟವೇರಿದ ಆರು ತಿಂಗಳಲ್ಲಿಯೇ, ಗ್ರೆಗೋರಿಯನ್ ಪಂಚಾಂಗದ ಪ್ರಕಾರ 1762ರ ಜುಲೈ 9ರಂದು, ಪತ್ನಿ ಕ್ಯಾಥರೀನಳಿಂದ ಪದಚ್ಯುತನಾದನು. ಕೆಲವೇ ದಿನಗಳಲ್ಲಿ ರೋಪ್ಶಾದ ಸೆರೆಯಲ್ಲಿ ಮಡಿದನು. ಅವನ ವ್ಯಕ್ತಿತ್ವವನ್ನು ಕುರಿತು ಪ್ರಚಲಿತವಾಗಿರುವ ಕಲ್ಪನೆಯು ಬಹುಮಟ್ಟಿಗೆ ಕ್ಯಾಥರೀನ್ ಫ್ರೆಂಚ್ ಭಾಷೆಯಲ್ಲಿ ಬರೆದ ಆತ್ಮಕಥನದಿಂದ ರೂಪುಗೊಂಡಿದೆ. ಆದ್ದರಿಂದ ಆ ಕೃತಿಯನ್ನು ಚಾರಿತ್ರಿಕ ಆಕರವಾಗಿ ಮಾತ್ರವಲ್ಲದೆ ರಾಜಕೀಯ ಕಥನವಾಗಿಯೂ ಪರಿಶೀಲಿಸುವುದು ಅವಶ್ಯ.

ಆತ್ಮಕಥನದ ಪೀಟರನು ಪ್ರೌಢನಾದರೂ ಆಟಿಕೆಯ ಸೈನಿಕರೊಡನೆ ಕಾಲ ಕಳೆಯುವವನು. ಆ ಆಟಿಕೆಗಳನ್ನು ತಿಂದ ಇಲಿಗೆ ಸೈನಿಕ ನಿಯಮದಂತೆ ಗಲ್ಲುಶಿಕ್ಷೆ ವಿಧಿಸುವವನು. ಪ್ರಸಂಗವು ಹಾಸ್ಯಮಯವಾಗಿದ್ದರೂ ಅದರ ಉದ್ದೇಶ ಹಾಸ್ಯವಲ್ಲ. ಗಮನಾರ್ಹ ಸಂಗತಿಯೆಂದರೆ, ಕಥನವು 1759ರ ಸುಮಾರಿಗೆ ನಿಂತುಹೋಗುತ್ತದೆ. ಪೀಟರನ ಆಳ್ವಿಕೆಯಾಗಲಿ, ಕ್ಷಿಪ್ರಕ್ರಾಂತಿಯಾಗಲಿ ಅದರಲ್ಲಿ ಬರುವುದೇ ಇಲ್ಲ. ಕ್ರಾಂತಿಯನ್ನು ವರ್ಣಿಸದೆಯೇ ಅದು ಅನಿವಾರ್ಯವಾಗಿತ್ತೆಂಬ ಭಾವನೆಯನ್ನು ಓದುಗರಲ್ಲಿ ಮೂಡಿಸುವುದೇ ಈ ಕೃತಿಯ ನಿಜವಾದ ಸಾಮರ್ಥ್ಯ.

ಕಥನದ ಆಚೆಗುಳಿದ ಆ ಆರು ತಿಂಗಳುಗಳು ಬೇರೊಂದು ಚಿತ್ರವನ್ನು ನೀಡುತ್ತವೆ. ಪೀಟರನು ಶ್ರೀಮಂತವರ್ಗವನ್ನು ಕಡ್ಡಾಯ ರಾಜಸೇವೆಯಿಂದ ಬಿಡುಗಡೆ ಮಾಡಿದನು. ಭೀತಿ ಹುಟ್ಟಿಸಿದ್ದ ಗುಪ್ತ ವಿಚಾರಣಾ ಕಚೇರಿಯನ್ನು ರದ್ದುಗೊಳಿಸಿದನು. ಚರ್ಚಿನ ಭೂಮಿಯನ್ನು ರಾಜ್ಯದ ವಶಕ್ಕೆ ತರಲು ಮುಂದಾದನು. ಕ್ಯಾಥರೀನಳೇ 1764ರಲ್ಲಿ ಚರ್ಚಿನ ಭೂಮಿಯನ್ನು ವಶಪಡಿಸಿಕೊಂಡಳು. ಶ್ರೀಮಂತರ ಸ್ವಾತಂತ್ರ್ಯವನ್ನು 1785ರ ಸನ್ನದಿನಲ್ಲಿ ದೃಢಪಡಿಸಿದಳು. ಹೀಗಿರುವಾಗ ಪೀಟರನ ದೌರ್ಬಲ್ಯವನ್ನು ಅವನ ಎಲ್ಲ ನೀತಿಗಳಿಗೂ ಅನ್ವಯಿಸುವುದು ಸಮಂಜಸವಾಗದು.

ಆದರೆ ಅವನನ್ನು ಅಪಾರ್ಥಕ್ಕೊಳಗಾದ ಸುಧಾರಕನೆಂದು ವೈಭವೀಕರಿಸುವುದೂ ಅಷ್ಟೇ ಏಕಪಕ್ಷೀಯ. ಗೆದ್ದ ಪ್ರದೇಶಗಳನ್ನು ಪ್ರಷ್ಯಾಕ್ಕೆ ಮರಳಿಸಿ, ತನ್ನ ಹೋಲ್‌ಸ್ಟೈನ್ ಸಂಸ್ಥಾನದ ಹಿತಕ್ಕಾಗಿ ಡೆನ್ಮಾರ್ಕಿನ ಮೇಲೆ ಯುದ್ಧಕ್ಕೆ ಸಿದ್ಧನಾದ ಅವನು, ಕಾವಲು ಪಡೆ ಮತ್ತು ಚರ್ಚುಗಳೆರಡನ್ನೂ ಏಕಕಾಲದಲ್ಲಿ ಎದುರುಹಾಕಿಕೊಂಡನು. ಕಿರೀಟಧಾರಣೆಯನ್ನೂ ನಡೆಸಿಕೊಳ್ಳಲಿಲ್ಲ. ಜರ್ಮನ್ ಮೂಲದವಳೇ ಆದ ಕ್ಯಾಥರೀನಳಾದರೋ ರಷ್ಯನ್ ಭಾಷೆಯನ್ನೂ ಆರ್ಥಡಾಕ್ಸ್ ಧರ್ಮಾಚರಣೆಯನ್ನೂ ಮೈಗೂಡಿಸಿಕೊಂಡು, ಓರ್ಲೋವ್ ಸಹೋದರರ ಮೂಲಕ ಕಾವಲು ಪಡೆಯ ಬೆಂಬಲ ಗಳಿಸಿ, ಅಧಿಕಾರಕ್ಕೆ ಬಂದ ವರ್ಷವೇ ಮಾಸ್ಕೋದಲ್ಲಿ ಕಿರೀಟ ಧರಿಸಿದಳು. ಆಡಳಿತದ ನೀತಿ ಒಂದೇ ಆಗಿದ್ದರೂ ಅದಕ್ಕೆ ಬೇಕಾದ ಸಮ್ಮತಿಯನ್ನು ರೂಪಿಸಿಕೊಳ್ಳುವ ಜಾಣ್ಮೆಯಲ್ಲಿ ಇಬ್ಬರ ಅಂತರವಿದೆ.

ಬರವಣಿಗೆಯ ಈ ಗೆಲುವಿಗೂ ಮಿತಿಯಿತ್ತು. 1773ರಲ್ಲಿ ಪುಗಚೇವನು ತಾನೇ ಪೀಟರನೆಂದು ಘೋಷಿಸಿಕೊಂಡಾಗ ಸಾವಿರಾರು ಕೊಸಾಕರೂ ರೈತರೂ ಅವನ ಬೆನ್ನಿಗೆ ನಿಂತರು. ಅರಮನೆಯ ಬಾಲಿಶ ಅರಸನು ಜನಮನದಲ್ಲಿ ವಿಮೋಚಕನಾಗಿದ್ದನು. ಆತ್ಮಕಥನವು 1859ರಲ್ಲಿ ಲಂಡನ್ನಿನಲ್ಲಿ ಹರ್ಟ್ಸೆನ್ನನ ಮೂಲಕ ಪ್ರಕಟವಾಗುವವರೆಗೆ ಸಾಮಾನ್ಯ ಓದುಗರಿಗೆ ಎಟುಕಿರಲಿಲ್ಲ. ಪೀಟರನನ್ನು ಅರಿಯಲು ಈ ಕೃತಿ ಸಂಶಯಾಸ್ಪದ ಸಾಕ್ಷ್ಯ. ಅವನನ್ನು ಕೆಳಗಿಳಿಸಿದ ರಾಜಕೀಯ ಪ್ರಜ್ಞೆಯನ್ನು ಅರಿಯಲು ಅಮೂಲ್ಯ ಆಕರ.